ಹತ್ತರ ಸಿಜಿಪಿಎ, ನಾಲ್ಕರ ಜಿಪಿಎ: ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು ತಿಳಿದಿರಬೇಕಾದ ಲೆಕ್ಕ

ನಮ್ಮ ಅಂಕಗಳಿರುವುದು ಹತ್ತಕ್ಕೆ (ಸಿಜಿಪಿಎ, ಅಂದರೆ ಇಡೀ ಕೋರ್ಸಿನ ಗ್ರೇಡುಗಳ ಸರಾಸರಿ) ಅಥವಾ ನೂರಕ್ಕೆ; ಅಮೆರಿಕದವರ ಜಿಪಿಎ ಸಾಮಾನ್ಯವಾಗಿ ನಾಲ್ಕಕ್ಕೆ. ಹಾಗಾಗಿ ಪ್ರತಿವರ್ಷ ಆಗಸ್ಟ್ ಕಳೆಯುತ್ತಿದ್ದಂತೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. “ನನ್ನದು 7.75 ಸಿಜಿಪಿಎ, ಅಮೆರಿಕದ ಲೆಕ್ಕದಲ್ಲಿ ಎಷ್ಟಾಗುತ್ತದೆ?” “ಶೇ. 68 ಬಂದಿದೆ, 3.0 ಮುಟ್ಟುತ್ತದೆಯೇ?” “25ರಿಂದ ಭಾಗಿಸಬೇಕೋ, ಹತ್ತರಿಂದ ಭಾಗಿಸಿ ನಾಲ್ಕರಿಂದ ಗುಣಿಸಬೇಕೋ?” ಮುಂದಿನ ಆಗಸ್ಟ್‌ನಲ್ಲಿ ಆರಂಭವಾಗುವ ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಗಳು ಬಹುಪಾಲು ಡಿಸೆಂಬರ್ ಮತ್ತು ಜನವರಿಯಲ್ಲಿ ಬೀಳುವುದರಿಂದ ಈ ಆತಂಕ ಸಹಜವೇ. ಆದರೆ ನನ್ನ ಉತ್ತರ ಕೇಳಿದವರಲ್ಲಿ ಹೆಚ್ಚಿನವರಿಗೆ ಮೊದಲು ನಿರಾಸೆಯಾಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ನೀವು ನಿಮ್ಮ ಅಂಕಗಳನ್ನು ಪರಿವರ್ತಿಸಲೇಬಾರದು. ಪರಿವರ್ತಿಸಲೇಬೇಕೆಂದು ಕೇಳಿದಾಗಲೂ ಒಟ್ಟು ಅಂಕವನ್ನು ಒಂದೇ ಏಟಿಗೆ ಗುಣಿಸಿಯೋ ಭಾಗಿಸಿಯೋ ಮಾಡುವಂಥದ್ದಲ್ಲ ಅದು. ಏಕೆ ಹಾಗೆ ಮತ್ತು ಹಾಗಾದರೆ ಏನು ಮಾಡಬೇಕು ಎಂಬುದನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಕೆಲಸಕ್ಕೆ ಕೂರುವ ಮುನ್ನ ನಿಮ್ಮ ಮುಂದೆ ಇರಬೇಕಾದವು ಇಷ್ಟು: ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಅಥವಾ ಗ್ರೇಡ್ ಕಾರ್ಡ್, ಅವುಗಳ ಹಿಂಬದಿಯಲ್ಲಿ ಮುದ್ರಿಸಿರುವ ಗ್ರೇಡುಗಳ ವಿವರ, ನಿಮ್ಮ ಸ್ಕೀಮಿನ ನಿಯಮಾವಳಿ (ಅಂದರೆ ನೀವು ಸೇರಿದ ವರ್ಷದ ಪಠ್ಯಕ್ರಮಕ್ಕೆ ವಿಶ್ವವಿದ್ಯಾಲಯ ಹೊರಡಿಸಿದ ಪರೀಕ್ಷಾ ನಿಯಮಗಳು), ಮತ್ತು ನೀವು ಅರ್ಜಿ ಹಾಕಲಿರುವ ಪ್ರತಿ ವಿಭಾಗದ ಪ್ರವೇಶ ಪುಟದಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಬರೆದಿರುವ ಸೂಚನೆ. ಕೊನೆಯದನ್ನು ಓದದೆ ಉಳಿದ ಮೂರನ್ನು ಇಟ್ಟುಕೊಂಡು ಫಲವಿಲ್ಲ.

1. ಜಿಪಿಎ ಎಂದರೆ ಏನೆಂದು ಮೊದಲು ಕೈಯಾರೆ ಲೆಕ್ಕ ಮಾಡಿ ನೋಡಿ

ಜಿಪಿಎ ಎಂದರೆ ಗ್ರೇಡುಗಳಿಗೆ ಸಿಗುವ ಅಂಶಗಳ ಸರಾಸರಿ. ಆದರೆ ಸಾದಾ ಸರಾಸರಿಯಲ್ಲ, ಪ್ರತಿ ವಿಷಯದ ಕ್ರೆಡಿಟ್‌ನ ತೂಕ ಸೇರಿದ ಸರಾಸರಿ. ಕ್ರೆಡಿಟ್ ಎಂದರೆ ಆ ವಿಷಯಕ್ಕೆ ವಾರದಲ್ಲಿ ಎಷ್ಟು ಹೊತ್ತಿನ ಬೋಧನೆ ಇದೆ ಎಂಬುದನ್ನು ಹೆಚ್ಚುಕಡಿಮೆ ಸೂಚಿಸುವ ಸಂಖ್ಯೆ. ಅಮೆರಿಕದಲ್ಲಿ ಬಹಳ ಕಡೆ ಬಳಕೆಯಲ್ಲಿರುವ ಪದ್ಧತಿಯಲ್ಲಿ ಎ ಗ್ರೇಡಿಗೆ 4, ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3, ಬಿಗೆ 3, ಬಿ ಮೈನಸ್‌ಗೆ 2.7, ಸಿ ಪ್ಲಸ್‌ಗೆ 2.3, ಸಿಗೆ 2, ಡಿಗೆ 1 ಮತ್ತು ಎಫ್‌ಗೆ ಸೊನ್ನೆ.

ಒಬ್ಬ ವಿದ್ಯಾರ್ಥಿನಿ ಒಂದು ಸೆಮಿಸ್ಟರಿನಲ್ಲಿ 4 ಕ್ರೆಡಿಟ್‌ನ ಗಣಿತದಲ್ಲಿ ಎ, 4 ಕ್ರೆಡಿಟ್‌ನ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಬಿ ಪ್ಲಸ್, 3 ಕ್ರೆಡಿಟ್‌ನ ಭೌತಶಾಸ್ತ್ರದಲ್ಲಿ ಎ ಮೈನಸ್, 3 ಕ್ರೆಡಿಟ್‌ನ ಇಂಗ್ಲಿಷ್‌ನಲ್ಲಿ ಬಿ ಮತ್ತು 1 ಕ್ರೆಡಿಟ್‌ನ ಲ್ಯಾಬಿನಲ್ಲಿ ಎ ಪಡೆದಿದ್ದಾಳೆ ಎನ್ನಿ. ಕ್ರೆಡಿಟನ್ನು ಗ್ರೇಡಿನ ಅಂಶದಿಂದ ಗುಣಿಸಿದರೆ ಕ್ರಮವಾಗಿ 16, 13.2, 11.1, 9 ಮತ್ತು 4 ಬರುತ್ತವೆ. ಒಟ್ಟು 53.3. ಇದನ್ನು ಒಟ್ಟು ಕ್ರೆಡಿಟ್ 15ರಿಂದ ಭಾಗಿಸಿದರೆ 3.55. ಅದೇ ಅವಳ ಆ ಸೆಮಿಸ್ಟರಿನ ಜಿಪಿಎ. ಲ್ಯಾಬಿನ ಎ ಗ್ರೇಡು ಗಣಿತದ ಎ ಗ್ರೇಡಿನಷ್ಟು ತೂಗಲಿಲ್ಲ ಎಂಬುದನ್ನು ಗಮನಿಸಿ.

ಇದೇ ಕಾರಣಕ್ಕೆ ಎರಡು ಸೆಮಿಸ್ಟರುಗಳ ಎಸ್‌ಜಿಪಿಎಯನ್ನು ಕೂಡಿ ಎರಡರಿಂದ ಭಾಗಿಸಿದರೆ ಸಿಜಿಪಿಎ ಬರುವುದಿಲ್ಲ. ಎಸ್‌ಜಿಪಿಎ ಒಂದು ಸೆಮಿಸ್ಟರಿನ ಸರಾಸರಿ, ಸಿಜಿಪಿಎ ಇಡೀ ಕೋರ್ಸಿನ ಒಟ್ಟು ಸರಾಸರಿ. 20 ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ 8.2, 24 ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ 7.4 ಬಂದಿದ್ದರೆ ಸರಿಯಾದ ಸಿಜಿಪಿಎ 7.76; ಸುಮ್ಮನೆ ಸರಾಸರಿ ತೆಗೆದರೆ 7.80. ಈ ಸಣ್ಣ ವ್ಯತ್ಯಾಸವೂ ಗ್ರೇಡ್ ಕಾರ್ಡಿನಲ್ಲಿರುವ ಸಂಖ್ಯೆಗೆ ತಾಳೆಯಾಗದಿದ್ದರೆ ಅರ್ಜಿ ಓದುವವರ ಮನಸ್ಸಿನಲ್ಲಿ ಅನುಮಾನ ಹುಟ್ಟುತ್ತದೆ.

ಅಮೆರಿಕದೊಳಗೇ ಈ ಅಳತೆ ಒಂದೇ ಆಗಿಲ್ಲ ಎಂಬುದೂ ತಿಳಿದಿರಲಿ. ಎಂಐಟಿಯಲ್ಲಿ ಎ ಗ್ರೇಡಿಗೆ 5 ಅಂಶ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್‌ನಲ್ಲಿ ಎ ಪ್ಲಸ್‌ಗೆ 4.3. ಬ್ರೌನ್ ವಿಶ್ವವಿದ್ಯಾಲಯವಂತೂ ತನ್ನ ವಿದ್ಯಾರ್ಥಿಗಳ ಜಿಪಿಎಯನ್ನು ಲೆಕ್ಕ ಹಾಕುವುದೇ ಇಲ್ಲ. ಬೇರೆ ಬೇರೆ ಅಳತೆಗಳನ್ನು ಓದುವುದು ಅಲ್ಲಿನ ಪ್ರವೇಶ ಸಮಿತಿಗಳಿಗೆ ದಿನನಿತ್ಯದ ಕೆಲಸ. ಹತ್ತರ ಅಳತೆ ಕಂಡು ಅವರು ಗಾಬರಿಯಾಗುವುದಿಲ್ಲ.

2. ನಿಮ್ಮ ಸ್ಕೀಮ್ ಯಾವುದು, ಅದರ ಸೂತ್ರ ಯಾವುದು ಎಂದು ಖಚಿತಪಡಿಸಿಕೊಳ್ಳಿ

ಕರ್ನಾಟಕದಿಂದ ಹೋಗುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವರು, ಅಂದರೆ ವಿಟಿಯುದವರು. 1998ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದಲ್ಲಿ ಮೊದಲಿಗೆ ಶೇಕಡಾವಾರು ಅಂಕಗಳಿದ್ದವು. ಥಿಯರಿ ವಿಷಯಕ್ಕೆ ಆಂತರಿಕ 25 ಮತ್ತು ಪರೀಕ್ಷೆಯ 100 ಸೇರಿ 125, ಲ್ಯಾಬಿಗೆ 25 ಮತ್ತು 50 ಸೇರಿ 75. ಹಳೆಯ ಸ್ಕೀಮಿನವರು ಈಗ ಅರ್ಜಿ ಹಾಕುವಾಗ 125ಕ್ಕೆ ಬಂದ ಅಂಕವನ್ನು ನೂರಕ್ಕೆ ಬಂದ ಅಂಕವೆಂದು ಬರೆದುಬಿಡುವುದು ನಾನು ಕಂಡಿರುವ ತಪ್ಪುಗಳಲ್ಲಿ ಒಂದು. 2015ರ ಸ್ಕೀಮಿನಿಂದ ಹತ್ತರ ಅಳತೆಯ ಗ್ರೇಡ್ ಪದ್ಧತಿ ಬಂದಿತು.

ಹತ್ತರ ಅಳತೆಯಿಂದ ಶೇಕಡಾ ತಿಳಿಯಲು ವಿಟಿಯು 2015 ಮತ್ತು 2018ರ ಸ್ಕೀಮುಗಳಿಗೆ ಕೊಟ್ಟ ಸೂತ್ರವೆಂದರೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವುದು. 7.75 ಸಿಜಿಪಿಎ ಎಂದರೆ ಶೇ. 70. ನಿಮ್ಮದು ಅದಕ್ಕಿಂತ ಈಚಿನ ಸ್ಕೀಮ್ ಆಗಿದ್ದರೆ ಸೀನಿಯರುಗಳ ಸೂತ್ರವನ್ನು ನಂಬದೆ ನಿಮ್ಮದೇ ನಿಯಮಾವಳಿಯಲ್ಲಿರುವುದನ್ನು ಬಳಸಿ. ಬೇರೆ ವಿಶ್ವವಿದ್ಯಾಲಯಗಳ ಸೂತ್ರಗಳು ಬೇರೆ.

ಇಲ್ಲಿ ಒಂದು ಎಚ್ಚರಿಕೆ. ಸಿಜಿಪಿಎಯನ್ನು 9.5ರಿಂದ ಗುಣಿಸುವ ಅಭ್ಯಾಸ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಬೇರೂರಿದೆ. ಅದು ಸಿಬಿಎಸ್‌ಇ ಮಂಡಳಿ ಹತ್ತನೆಯ ತರಗತಿಗೆ ಗ್ರೇಡ್ ಪದ್ಧತಿ ಜಾರಿಯಲ್ಲಿಟ್ಟಿದ್ದ ವರ್ಷಗಳಲ್ಲಿ ಆ ಪರೀಕ್ಷೆಗಾಗಿ ಕೊಟ್ಟಿದ್ದ ಸೂತ್ರ. ಹತ್ತನೆಯ ತರಗತಿಯಿಂದ ಅದು ಮಕ್ಕಳ ಜೊತೆಗೇ ಕಾಲೇಜಿಗೂ ನಡೆದು ಬಂದಿದೆಯಷ್ಟೆ. 7.75ನ್ನು ಹೀಗೆ ಗುಣಿಸಿದರೆ ಶೇ. 73.6 ಬರುತ್ತದೆ, ವಿಶ್ವವಿದ್ಯಾಲಯದ ಪ್ರಮಾಣಪತ್ರದಲ್ಲಿ ಶೇ. 70 ಎಂದಿರುತ್ತದೆ. ಎರಡರ ನಡುವಿನ ಮೂರೂವರೆ ಅಂಕಕ್ಕೆ ನೀವು ಉತ್ತರ ಹೇಳಬೇಕಾಗುತ್ತದೆ.

ಆರ್‌ವಿ, ಬಿಎಂಎಸ್‌ನಂಥ ಸ್ವಾಯತ್ತ ಕಾಲೇಜುಗಳಲ್ಲಿ ಓದಿದವರಿಗೆ ಪದವಿ ವಿಟಿಯುದ್ದಾದರೂ ಪರೀಕ್ಷೆ ಮತ್ತು ಗ್ರೇಡು ಕಾಲೇಜಿನದು. ಅಂಥವರು ಕಾಲೇಜಿನ ಪರೀಕ್ಷಾ ವಿಭಾಗದ ನಿಯಮವನ್ನೇ ನೋಡಬೇಕು.

3. ಒಟ್ಟು ಅಂಕವನ್ನು ನಾಲ್ಕಕ್ಕೆ ಇಳಿಸುವ ಅಡ್ಡದಾರಿಗಳನ್ನು ಬಿಡಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ನಿಮಗೆ ಬಿಡುವಿದ್ದರೆ ಇದನ್ನು ಓದಿ.

ಮೇಲೆ ಹೇಳಿದ 7.75 ಸಿಜಿಪಿಎಯ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳೋಣ. ಹತ್ತರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಅವನ ಜಿಪಿಎ 3.10. ಶೇ. 70 ಮಾಡಿಕೊಂಡು 25ರಿಂದ ಭಾಗಿಸಿದರೆ 2.80. ಒಂದೇ ಅಂಕಪಟ್ಟಿಯಿಂದ ಹೊರಟ ಎರಡು ಲೆಕ್ಕಗಳಲ್ಲಿ ಒಂದು ಅವನನ್ನು 3.0ರ ಗೆರೆಯ ಈಚೆ, ಇನ್ನೊಂದು ಆಚೆ ನಿಲ್ಲಿಸುತ್ತದೆ. ಶೇ. 70 ಎಂದರೆ ವಿಟಿಯು ಲೆಕ್ಕದಲ್ಲಿ ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್. ಡಿಸ್ಟಿಂಕ್ಷನ್ ಪಡೆದವನನ್ನು 2.80 ಎಂದು ಬರೆದರೆ ಅಮೆರಿಕದ ಓದುಗನಿಗೆ ಕಾಣುವುದು ಬಿ ಸರಾಸರಿಯನ್ನೂ ಮುಟ್ಟದ ವಿದ್ಯಾರ್ಥಿ.

ತಪ್ಪು ಗಣಿತದ್ದಲ್ಲ. ಎರಡು ಪರೀಕ್ಷಾ ಪದ್ಧತಿಗಳ ಸ್ವಭಾವ ಬೇರೆ. ಅಮೆರಿಕದಲ್ಲಿ ಪಾಠ ಮಾಡಿದ ಪ್ರಾಧ್ಯಾಪಕರೇ ಪ್ರಶ್ನೆಪತ್ರಿಕೆ ಮಾಡಿ, ಅವರೇ ಮೌಲ್ಯಮಾಪನ ಮಾಡಿ, ಅವರೇ ಗ್ರೇಡು ಕೊಡುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 90ರ ಮೇಲೆ ಬಂದರೆ ಎ, ಮತ್ತು ತರಗತಿಯಲ್ಲಿ ಹಲವರು ಆ ಮಟ್ಟ ಮುಟ್ಟುತ್ತಾರೆ. ನಮ್ಮ ಸಂಯೋಜಿತ ಕಾಲೇಜುಗಳ ಪದ್ಧತಿಯಲ್ಲಿ ರಾಜ್ಯದ ಎಲ್ಲ ಕಾಲೇಜುಗಳಿಗೂ ಒಂದೇ ಪ್ರಶ್ನೆಪತ್ರಿಕೆ. ಅದನ್ನು ತೆಗೆದವರು ಯಾರೋ, ಉತ್ತರಪತ್ರಿಕೆ ನೋಡುವವರು ಇನ್ಯಾರೋ. 60ಕ್ಕೆ ಪ್ರಥಮ ದರ್ಜೆ ಎಂದು ಗೆರೆ ಎಳೆದಿರುವುದೇ ಅದನ್ನು ದಾಟುವುದು ಸುಲಭವಲ್ಲ ಎಂಬ ತಿಳಿವಳಿಕೆಯಿಂದ. ಹಾಗಾಗಿ ಅಲ್ಲಿನ 70 ಮತ್ತು ಇಲ್ಲಿನ 70 ನೋಡಲು ಒಂದೇ ಅಂಕಿಯಾದರೂ ಬೆಲೆ ಬೇರೆ. ಒಂದೇ ಗುಣಾಕಾರದಿಂದ ಇದನ್ನು ಸರಿದೂಗಿಸಲು ಆಗದು.

ವಿದೇಶಿ ಪದವಿ ಮತ್ತು ಅಂಕಗಳನ್ನು ಅಮೆರಿಕದ ಲೆಕ್ಕಕ್ಕೆ ತೂಗಿ ವರದಿ ಕೊಡುವ ಮೌಲ್ಯಮಾಪನ ಸಂಸ್ಥೆಗಳು ಈ ಕಾರಣಕ್ಕೆ ಒಂದೊಂದು ವಿಷಯವನ್ನೂ ಬೇರೆಯಾಗಿ ನೋಡುತ್ತವೆ. 1974ರಲ್ಲಿ ಸ್ಥಾಪನೆಯಾದ ವರ್ಲ್ಡ್ ಎಜುಕೇಶನ್ ಸರ್ವಿಸಸ್, ಅಂದರೆ ಎಲ್ಲರ ಬಾಯಲ್ಲಿರುವ ‘ವೆಸ್’, ಭಾರತದ ಹೆಚ್ಚಿನ ವಿಶ್ವವಿದ್ಯಾಲಯಗಳ ಶೇಕಡಾ ಅಂಕಗಳಲ್ಲಿ 60 ಮತ್ತು ಮೇಲ್ಪಟ್ಟದ್ದನ್ನು ಎ ಎಂದೂ, 55ರಿಂದ 59ರವರೆಗೆ ಬಿ ಪ್ಲಸ್ ಎಂದೂ, 50ರಿಂದ 54ರವರೆಗೆ ಬಿ ಎಂದೂ ಓದುತ್ತದೆ. ಒಂದು ಸೆಮಿಸ್ಟರಿನ ಸಮಾನ ಕ್ರೆಡಿಟ್‌ನ ಎಂಟು ವಿಷಯಗಳಲ್ಲಿ ಆರರಲ್ಲಿ 60ರ ಮೇಲೆ, ಒಂದರಲ್ಲಿ 57, ಮತ್ತೊಂದರಲ್ಲಿ 52 ಬಂದಿದ್ದರೆ ಈ ಲೆಕ್ಕದಲ್ಲಿ ಜಿಪಿಎ ಸುಮಾರು 3.79 ಆಗುತ್ತದೆ. 25ರಿಂದ ಭಾಗಿಸಿದವನ ಕೈಗೆ ಬರುವುದು ಇದರ ಹತ್ತಿರಕ್ಕೂ ಸುಳಿಯದ ಸಂಖ್ಯೆ.

ಇದನ್ನು ಓದಿ ಹಿಗ್ಗುವ ಮುನ್ನ ಇನ್ನೊಂದು ಮಾತು. ಈ ಪಟ್ಟಿಯಲ್ಲಿ 61 ಪಡೆದವನೂ 88 ಪಡೆದವಳೂ ಇಬ್ಬರೂ ಎ. ಪ್ರವೇಶ ಸಮಿತಿಯವರಿಗೆ ಇದು ಗೊತ್ತಿದೆ. ಭಾರತದಿಂದ ನೂರಾರು ಅರ್ಜಿ ನೋಡಿದ ವಿಭಾಗಗಳು ವೆಸ್ ವರದಿಯ 3.8ನ್ನು ಕಂಡು ಸುಮ್ಮನಾಗದೆ ಮೂಲ ಅಂಕಪಟ್ಟಿಗೇ ಹೋಗುತ್ತವೆ. ಆದ್ದರಿಂದ ವರದಿಯ ಜಿಪಿಎಯನ್ನು ಕನಿಷ್ಠ ಅರ್ಹತೆ ದಾಟಿದ್ದೇನೆಯೇ ಎಂದು ತಿಳಿಯಲು ಬಳಸಿ, ನಿಮ್ಮ ಸ್ಥಾನ ಎಲ್ಲಿದೆ ಎಂದು ಅಳೆಯಲು ಬೇಡ.

4. ಅರ್ಜಿ ನಮೂನೆಯ ಜಿಪಿಎ ಅಂಕಣವನ್ನು ತುಂಬುವ ಕ್ರಮ

ಸ್ನಾತಕೋತ್ತರ ಅರ್ಜಿಗಳಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ: ಒಂದು ಜಿಪಿಎ, ಇನ್ನೊಂದು ಅದು ಎಷ್ಟರ ಅಳತೆಯದು ಎಂಬುದು. ಬಹಳಷ್ಟು ವಿಶ್ವವಿದ್ಯಾಲಯಗಳು ಪರಿವರ್ತನೆ ಮಾಡಬೇಡಿ, ಅಂಕಪಟ್ಟಿಯಲ್ಲಿ ಇರುವುದನ್ನು ಇದ್ದಂತೆ ಬರೆಯಿರಿ ಎಂದು ಸ್ಪಷ್ಟವಾಗಿ ಸೂಚಿಸುತ್ತವೆ. ಆಗ ಮೊದಲ ಅಂಕಣದಲ್ಲಿ 7.75, ಎರಡನೆಯದರಲ್ಲಿ 10. ಹಳೆಯ ಸ್ಕೀಮಿನವರಾದರೆ 68.40 ಮತ್ತು 100. ಅಷ್ಟೇ.

ನಮೂನೆ ನಾಲ್ಕರ ಅಳತೆಯನ್ನು ಮಾತ್ರ ಒಪ್ಪುವಂತಿದ್ದರೆ ಪಕ್ಕದ ಸೂಚನೆಯನ್ನು ಪೂರ್ತಿ ಓದಿ. ವಿದೇಶಿ ವಿದ್ಯಾರ್ಥಿಗಳು ಖಾಲಿ ಬಿಡಬಹುದೆಂದು ಹಲವೆಡೆ ಬರೆದಿರುತ್ತಾರೆ. ಅಲ್ಲಿಯೂ ದಾರಿ ಕಾಣದಿದ್ದರೆ ಪ್ರವೇಶ ಕಚೇರಿಗೆ ಎರಡು ಸಾಲಿನ ಮಿಂಚಂಚೆ ಬರೆದು ಕೇಳಿ, ಬಂದ ಉತ್ತರವನ್ನು ಕಾಪಿಟ್ಟುಕೊಳ್ಳಿ. ಪರಿವರ್ತಿಸಲೇಬೇಕೆಂದು ಅವರೇ ಹೇಳಿದರೆ ಅವರು ಸೂಚಿಸುವ ವಿಧಾನದಲ್ಲಿ, ಒಂದೊಂದೇ ವಿಷಯವನ್ನು ಗ್ರೇಡಿಗೆ ತಂದು, ಕ್ರೆಡಿಟ್‌ನಿಂದ ಗುಣಿಸಿ ಲೆಕ್ಕ ಹಾಕಿ. ಹಾಗೆ ಹಾಕಿದ ಲೆಕ್ಕದ ಹಾಳೆಯನ್ನು ಎಸೆಯಬೇಡಿ.

ಎಂಟನೆಯ ಸೆಮಿಸ್ಟರ್ ಮುಗಿಯದವರು ಅದುವರೆಗಿನ ಸಿಜಿಪಿಎಯನ್ನೇ ಬರೆಯಬೇಕು. ಮುಂದೆ ಬರಬಹುದಾದ ಅಂಕವನ್ನು ಊಹಿಸಿ ಸೇರಿಸುವಂತಿಲ್ಲ.

ಈ ಹಂತದ ದೊಡ್ಡ ಗುಂಡಿಯೆಂದರೆ ಪೂರ್ಣಾಂಕದ ಆಸೆ. 7.96ನ್ನು 8 ಎಂದು, 2.96ನ್ನು 3.0 ಎಂದು ಬರೆಯುವುದು ಮನೆಯಲ್ಲಿ ಮಾತಾಡುವಾಗ ನಡೆಯುತ್ತದೆ, ಅರ್ಜಿಯಲ್ಲಿ ನಡೆಯುವುದಿಲ್ಲ. ಅರ್ಜಿಯ ಕೊನೆಯಲ್ಲಿ ಎಲ್ಲ ಮಾಹಿತಿ ಸತ್ಯವೆಂದು ನೀವು ಸಹಿ ಮಾಡಿರುತ್ತೀರಿ. ಸೇರಿದ ಮೇಲೆ ಕಂಡುಬಂದರೂ ಪ್ರವೇಶ ರದ್ದಾಗಬಹುದು. ಎರಡು ದಶಮಾಂಶ ಸ್ಥಾನಗಳವರೆಗೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ಕನ್ಸಲ್ಟೆನ್ಸಿಯವರು ನಿಮ್ಮ ಪರವಾಗಿ ಅರ್ಜಿ ತುಂಬಿದ್ದರೆ ಸಲ್ಲಿಸುವ ಮುನ್ನ ಈ ಅಂಕಣವನ್ನು ನೀವೇ ತೆರೆದು ನೋಡಿ, ಏಕೆಂದರೆ ಸಹಿ ನಿಮ್ಮದು. ರೆಸ್ಯೂಮೆಯಲ್ಲಿ 3.1, ಅರ್ಜಿಯಲ್ಲಿ 7.75, ಉದ್ದೇಶ ಪತ್ರದಲ್ಲಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಶೇ. 74 ಎಂದು ಮೂರು ಬಗೆಯಾಗಿ ಇರುವುದೂ ಅಪರೂಪವಲ್ಲ. ಎಲ್ಲ ಕಡೆ ಒಂದೇ ರೂಪ ಇರಲಿ: ಸಿಜಿಪಿಎ 7.75/10, ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್.

5. ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಳ್ಳಿ, ಹಿಂಬದಿಯನ್ನು ಮರೆಯಬೇಡಿ

ಟ್ರಾನ್ಸ್‌ಕ್ರಿಪ್ಟ್ ಎಂದರೆ ಎಲ್ಲ ಸೆಮಿಸ್ಟರುಗಳ ವಿಷಯ, ಕ್ರೆಡಿಟ್, ಅಂಕಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯ ದೃಢೀಕರಿಸಿ ಕೊಡುವ ದಾಖಲೆ. ನಮ್ಮಲ್ಲಿ ಇದು ಸಾಮಾನ್ಯವಾಗಿ ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಯಿಂದ ಬರುತ್ತದೆ. ಇದಕ್ಕೆ ವಾರಗಟ್ಟಲೆ ಹಿಡಿಯಬಹುದಾದ್ದರಿಂದ ಡಿಸೆಂಬರ್ ಗಡುವಿಗೆ ಸೆಪ್ಟೆಂಬರಿನಲ್ಲೇ ಕೋರಿಕೆ ಹಾಕಿ. ಅರ್ಜಿಯ ಸಮಯದಲ್ಲಿ ಹೆಚ್ಚಿನ ವಿಭಾಗಗಳು ನೀವೇ ಸ್ಕ್ಯಾನ್ ಮಾಡಿ ಏರಿಸುವ ಪ್ರತಿಯನ್ನು ಒಪ್ಪುತ್ತವೆ, ಅಧಿಕೃತ ಪ್ರತಿಯನ್ನು ಪ್ರವೇಶ ಸಿಕ್ಕಮೇಲೆ ಕೇಳುತ್ತವೆ.

ಸ್ಕ್ಯಾನ್ ಮಾಡುವಾಗ ಗ್ರೇಡ್ ಕಾರ್ಡಿನ ಹಿಂಬದಿಯನ್ನು ಬಿಟ್ಟುಬಿಡುವವರೇ ಹೆಚ್ಚು. ಯಾವ ಗ್ರೇಡಿಗೆ ಎಷ್ಟು ಅಂಶ, ಎಷ್ಟು ಅಂಕಕ್ಕೆ ಯಾವ ಗ್ರೇಡು, ಡಿಸ್ಟಿಂಕ್ಷನ್ ಎಲ್ಲಿಂದ ಎಂಬ ಕೀಲಿಕೈ ಇರುವುದು ಅಲ್ಲಿಯೇ. ಇಷ್ಟಕ್ಕೂ ವಿಟಿಯುವಿನ ಒಂದು ಸ್ಕೀಮಿನ ‘ಬಿ’ ಇನ್ನೊಂದು ಸ್ಕೀಮಿನ ‘ಬಿ’ ಅಲ್ಲ. ಅಮೆರಿಕದ ಬಿ ಅಂತೂ ಅಲ್ಲವೇ ಅಲ್ಲ. ಕೀಲಿಕೈ ಇಲ್ಲದೆ ಹೋದ ಅಂಕಪಟ್ಟಿಯಲ್ಲಿ ಸಾಲುಸಾಲಾಗಿ ಬಿ ಕಂಡರೆ ಓದುವವರು ಅದಕ್ಕೆ ತಮ್ಮ ಅರ್ಥವನ್ನೇ ಹಚ್ಚುತ್ತಾರೆ.

ಹೆಸರಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅಂಕಪಟ್ಟಿಗಳಲ್ಲಿ ಇನಿಷಿಯಲ್ ಮಾತ್ರ ಇದ್ದು, ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಊರಿನ ಹೆಸರು ಪೂರ್ತಿ ಬಿಡಿಸಿ ಬರೆದಿರುವುದು ಸಾಮಾನ್ಯ. ಅರ್ಜಿಯನ್ನು ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ತುಂಬಿ, ಇತರ ಹೆಸರುಗಳ ಅಂಕಣದಲ್ಲಿ ಅಂಕಪಟ್ಟಿಯ ರೂಪವನ್ನು ನಮೂದಿಸಿ. ಮರುಮೌಲ್ಯಮಾಪನದಲ್ಲಿ ಅಂಕ ಹೆಚ್ಚಾಗಿದ್ದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೊಸ ಅಂಕವೇ ಬಂದಿದೆಯೇ ಎಂದು ಕೈಗೆ ಬಂದ ದಿನವೇ ನೋಡಿ.

6. ಮೌಲ್ಯಮಾಪನ ವರದಿ ಬೇಕೇ, ಬೇಡವೇ?

ಎಲ್ಲರಿಗೂ ಬೇಕಿಲ್ಲ. ತಾವೇ ಅಂಕಪಟ್ಟಿ ಓದಬಲ್ಲ ಸಿಬ್ಬಂದಿಯಿರುವ ದೊಡ್ಡ ವಿಶ್ವವಿದ್ಯಾಲಯಗಳು ಅನೇಕ ವೇಳೆ ವರದಿ ಕೇಳುವುದಿಲ್ಲ. ಕೇಳದ ಕಡೆಗೆ ದುಡ್ಡು ಕೊಟ್ಟು ಕಳುಹಿಸುವುದು ವ್ಯರ್ಥ. ಕೇಳುವ ಕಡೆಗಳಲ್ಲಿ ಯಾವ ಸಂಸ್ಥೆಯ ವರದಿ ನಡೆಯುತ್ತದೆ ಎಂದೂ ಬರೆದಿರುತ್ತಾರೆ. 1987ರಲ್ಲಿ ಆರಂಭವಾದ ನೇಸಸ್ ಎಂಬ ಒಕ್ಕೂಟದ ಸದಸ್ಯ ಸಂಸ್ಥೆಗಳ ವರದಿಯನ್ನು ಬಹಳ ಕಡೆ ಒಪ್ಪುತ್ತಾರೆ. ವೆಸ್ ಮತ್ತು ಮಿಲ್ವಾಕಿಯ ಇಸಿಇ ಎರಡೂ ಈ ಒಕ್ಕೂಟದಲ್ಲಿವೆ.

ಆರ್ಡರ್ ಮಾಡುವಾಗ ವರದಿಯ ಬಗೆಯನ್ನು ನೋಡಿ ಆರಿಸಿ. ‘ಡಾಕ್ಯುಮೆಂಟ್ ಬೈ ಡಾಕ್ಯುಮೆಂಟ್’ ವರದಿ ಅಗ್ಗವಾದರೂ ನಿಮ್ಮ ಪದವಿ ಅಮೆರಿಕದ ಯಾವ ಪದವಿಗೆ ಸಮ ಎಂದಷ್ಟೇ ಹೇಳುತ್ತದೆ, ಅದರಲ್ಲಿ ಜಿಪಿಎ ಇರುವುದಿಲ್ಲ. ಜಿಪಿಎ ಬೇಕಾದರೆ ‘ಕೋರ್ಸ್ ಬೈ ಕೋರ್ಸ್’ ವರದಿಯೇ ಆಗಬೇಕು. ವೆಸ್‌ಗೆ ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಕೈಯಿಂದಲ್ಲ, ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ಸ್ವಾಯತ್ತ ಕಾಲೇಜಿನವರು ಕಾಲೇಜು ಕಳುಹಿಸಬೇಕಾದದ್ದು ಯಾವುದು, ವಿಶ್ವವಿದ್ಯಾಲಯ ಕಳುಹಿಸಬೇಕಾದದ್ದು ಯಾವುದು ಎಂದು ಮೊದಲೇ ಕೇಳಿ ತಿಳಿದರೆ ಒಂದು ತಿಂಗಳು ಉಳಿಯುತ್ತದೆ. ವರದಿಗೆ ಹಣ ಕಟ್ಟುವ ಮುನ್ನ ಅಂದಾಜು ಬೇಕೆನ್ನುವವರಿಗೆ ವೆಸ್‌ನ ಜಾಲತಾಣದಲ್ಲಿ ಉಚಿತ ಜಿಪಿಎ ಗಣಕವಿದೆ. ಅದರ ಫಲಿತಾಂಶವನ್ನು ಅರ್ಜಿಯಲ್ಲಿ ಅಧಿಕೃತವೆಂಬಂತೆ ಬರೆಯಬಾರದು.

7. “ಕನಿಷ್ಠ 3.0” ಎಂಬ ಸಾಲನ್ನು ಸರಿಯಾಗಿ ಓದಿ

ಅಮೆರಿಕದ ಸ್ನಾತಕೋತ್ತರ ವಿಭಾಗಗಳಲ್ಲಿ 3.0, ಅಂದರೆ ಬಿ ಸರಾಸರಿ, ಬಹಳ ಸಾಮಾನ್ಯವಾದ ಕನಿಷ್ಠ ಅರ್ಹತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲಿಸ್ ಮುಂತಾದ ಕ್ಯಾಂಪಸ್‌ಗಳಲ್ಲೂ ಇದೇ ಗೆರೆ. ಈ ಸಾಲನ್ನು ಓದುವಾಗ ಮೂರು ಪದಗಳನ್ನು ಹುಡುಕಿ.

ಒಂದು, ‘ಕ್ಯುಮುಲೇಟಿವ್’ ಎಂದಿದ್ದರೆ ಇಡೀ ಪದವಿಯ ಸರಾಸರಿ. ಎರಡು, ‘ಕೊನೆಯ ಎರಡು ವರ್ಷ’ ಅಥವಾ ‘ಕೊನೆಯ 60 ಕ್ರೆಡಿಟ್’ ಎಂದಿದ್ದರೆ ನಿಮ್ಮ ಐದರಿಂದ ಎಂಟನೆಯ ಸೆಮಿಸ್ಟರಿನ ಅಂಕಗಳಷ್ಟೇ ಹೆಚ್ಚುಕಡಿಮೆ ಲೆಕ್ಕಕ್ಕೆ ಬರುತ್ತವೆ. ಮೊದಲ ವರ್ಷದ ಗಣಿತದಲ್ಲೋ ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲೋ ಎಡವಿದವರಿಗೆ ಇದು ದೊಡ್ಡ ನೆಮ್ಮದಿ. ಮೂರು, ‘ಮೇಜರ್ ಜಿಪಿಎ’ ಎಂದರೆ ಮುಖ್ಯ ವಿಷಯದ ಕೋರ್ಸುಗಳ ಸರಾಸರಿ. ಕಂಪ್ಯೂಟರ್ ಸೈನ್ಸ್‌ನವರಾದರೆ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡಿಬಿಎಂಎಸ್ ಇವೆಲ್ಲ ಸೇರುತ್ತವೆ, ಪರಿಸರ ಅಧ್ಯಯನವೂ ಸಂವಿಧಾನದ ಪತ್ರಿಕೆಯೂ ಸೇರುವುದಿಲ್ಲ. ನಮ್ಮ ಗ್ರೇಡ್ ಕಾರ್ಡುಗಳು ಇದನ್ನು ಕೊಡುವುದಿಲ್ಲವಾದ್ದರಿಂದ ಕೇಳಿದ ಕಡೆ ಹತ್ತರ ಅಳತೆಯಲ್ಲೇ ಲೆಕ್ಕ ಹಾಕಿ, ಯಾವ ವಿಷಯಗಳನ್ನು ಸೇರಿಸಿದ್ದೀರಿ ಎಂದು ಸೂಚಿಸಿ.

ಕನಿಷ್ಠ ಎಂದರೆ ಅರ್ಜಿ ಪರಿಶೀಲನೆಗೆ ಸಿಗುವ ಅರ್ಹತೆ, ಪ್ರವೇಶದ ಭರವಸೆಯಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದ್ದೇನೆಂದು ನಿಮ್ಮದೇ ಭಾಗಾಕಾರದಿಂದ ತೀರ್ಮಾನಿಸಿ ಅರ್ಜಿ ಹಾಕದೆ ಉಳಿಯಬೇಡಿ. ಮೂರನೆಯ ಹಂತದ 2.80ರ ವಿದ್ಯಾರ್ಥಿ ಮಾಡಿಕೊಳ್ಳುವ ನಷ್ಟ ಇದೇ.

8. ಬ್ಯಾಕ್‌ಲಾಗ್ ಇದ್ದವರು

ಒಮ್ಮೆ ಫೇಲಾಗಿ ಮರಳಿ ಬರೆದು ಪಾಸಾದ ವಿಷಯಗಳನ್ನೇ ಇಲ್ಲಿ ಬ್ಯಾಕ್‌ಲಾಗ್ ಎನ್ನುತ್ತಿದ್ದೇನೆ. ಅಮೆರಿಕದ ಹಲವು ಕಾಲೇಜುಗಳಲ್ಲಿ ಎಫ್ ಗ್ರೇಡು ಸೊನ್ನೆಯಾಗಿ ಸರಾಸರಿಯೊಳಗೇ ಉಳಿದುಬಿಡುತ್ತದೆ. ನಮ್ಮಲ್ಲಿ ಪಾಸಾದ ಮೇಲಿನ ಅಂಕವೇ ಅಂತಿಮ. ಆದರೂ ಅಂಕಪಟ್ಟಿಯ ಮೇಲಿನ ಪರೀಕ್ಷೆಯ ತಿಂಗಳು ಮತ್ತು ವರ್ಷ ನೋಡಿದರೆ ಕಥೆ ತಿಳಿಯುತ್ತದೆ. ಎಲ್ಲ ಪ್ರಯತ್ನಗಳ ಅಂಕಪಟ್ಟಿಗಳನ್ನು ಕೇಳಿದ್ದರೆ ಫೇಲಾದದ್ದನ್ನೂ ಸೇರಿಸಿ ಕಳುಹಿಸಿ. ಒಂದೋ ಎರಡೋ ಇದ್ದರೆ ವಿವರಣೆ ಅನಗತ್ಯ. ಅನಾರೋಗ್ಯದಿಂದ ಒಂದು ಸೆಮಿಸ್ಟರೇ ಹಾಳಾಗಿದ್ದರೆ, ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆ ಇರುವ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ. ಉದ್ದೇಶ ಪತ್ರದ ಮೊದಲ ಪ್ಯಾರಾವನ್ನು ಅದಕ್ಕೆ ಕೊಡಬೇಡಿ.

9. ಮೂರು ವರ್ಷದ ಪದವಿಯವರಿಗೆ ಬೇರೆಯೇ ಪ್ರಶ್ನೆ

ಬಿಎಸ್ಸಿ, ಬಿಕಾಂ, ಬಿಎ, ಬಿಸಿಎ ಓದಿದವರಿಗೆ ಜಿಪಿಎಗಿಂತ ಮೊದಲು ಎದುರಾಗುವುದು ವರ್ಷಗಳ ಲೆಕ್ಕ. ಅಮೆರಿಕದ ಪದವಿ ನಾಲ್ಕು ವರ್ಷದ್ದಾದ್ದರಿಂದ ಹಲವು ವಿಭಾಗಗಳು ಒಟ್ಟು 16 ವರ್ಷದ ಓದನ್ನು ಕೇಳುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ, ಒಂದೇ ಮನೆಯ ಅಕ್ಕನದು ಒಂದು ಬಗೆ, ತಮ್ಮನದು ಇನ್ನೊಂದು ಬಗೆ ಆಗಿರುವುದುಂಟು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್‌ನಿಂದ ಎ ಅಥವಾ ಅದಕ್ಕಿಂತ ಮೇಲಿನ ಶ್ರೇಣಿ ಪಡೆದ ಸಂಸ್ಥೆಯಲ್ಲಿ ಪ್ರಥಮ ಅಥವಾ ದ್ವಿತೀಯ ದರ್ಜೆಯಲ್ಲಿ ಮುಗಿಸಿದ ಮೂರು ವರ್ಷದ ಪದವಿಯನ್ನು ವೆಸ್ ಅಮೆರಿಕದ ಪದವಿಗೆ ಸಮವೆಂದು ಪರಿಗಣಿಸುತ್ತದೆ. ಆದರೆ ವೆಸ್ ಒಪ್ಪಿದ್ದನ್ನು ವಿಶ್ವವಿದ್ಯಾಲಯವೂ ಒಪ್ಪಬೇಕೆಂಬ ನಿಯಮವಿಲ್ಲ. ಅರ್ಜಿ ಶುಲ್ಕ ಕಟ್ಟುವ ಮುನ್ನವೇ ವಿಭಾಗಕ್ಕೆ ಬರೆದು ಕೇಳುವುದು ಕ್ಷೇಮ. ಎಂಎಸ್ಸಿ ಅಥವಾ ಎಂಕಾಂ ಮುಗಿಸಿದವರು ಎರಡೂ ಪದವಿಗಳ ಅಂಕಗಳನ್ನು ಬೇರೆ ಬೇರೆಯಾಗಿ ಕೊಡಬೇಕು, ಸೇರಿಸಿ ಸರಾಸರಿ ಮಾಡಬಾರದು.

10. ಪಿಯುಸಿ ಮುಗಿಸಿ ನೇರ ಪದವಿಗೆ ಹೋಗುವವರು

ಇವರಿಂದ ಕೇಳುವುದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ಅಂಕ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯನ್ನೇ ನೆಚ್ಚಿಕೊಂಡು ಒಂಬತ್ತನೆಯ ತರಗತಿಯ ಹಾಗೂ ಪ್ರಥಮ ಪಿಯುಸಿಯ ಅಂಕಪಟ್ಟಿ ಕಳೆದುಕೊಂಡವರು ಶಾಲೆಗೆ ಹೋಗಿ ನಕಲು ಪಡೆಯಬೇಕಾಗುತ್ತದೆ. ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿಯಲ್ಲಿ, ನಿಮ್ಮ ಕಾಲೇಜು ಜಿಪಿಎ ಕೊಡುವುದಿಲ್ಲವಾದರೆ ಆ ಅಂಕಣವನ್ನು ಖಾಲಿ ಬಿಡಬಹುದು. ಅಮೆರಿಕದ ಹೈಸ್ಕೂಲುಗಳಲ್ಲಿ ‘ವೇಟೆಡ್’ ಜಿಪಿಎ ಎಂಬುದೊಂದಿದೆ. ಕಠಿಣ ಕೋರ್ಸುಗಳಿಗೆ ಹೆಚ್ಚುವರಿ ಅಂಶ ಸೇರಿಸುವುದರಿಂದ ಅದು 4ನ್ನು ಮೀರಬಹುದು. ವಿಜ್ಞಾನ ವಿಭಾಗ ತೆಗೆದುಕೊಂಡಿದ್ದೇನೆಂದು ನೀವು ಅಂಥ ಅಂಶ ಸೇರಿಸಿಕೊಳ್ಳುವಂತಿಲ್ಲ.

ಶೇಕಡಾ ಬರೆಯುವಾಗ ಎಸ್ಸೆಸ್ಸೆಲ್ಸಿಯ ಗರಿಷ್ಠ ಅಂಕ 625 ಎಂಬುದು ನೆನಪಿರಲಿ, ಪ್ರಥಮ ಭಾಷೆಗೆ 125 ಇರುವುದರಿಂದ, ಪಿಯುಸಿಗೆ 600. ಅರ್ಜಿಯ ಜೊತೆ ಶಾಲೆಯ ಪರಿಚಯ ಪತ್ರವನ್ನೂ ಕೇಳುತ್ತಾರೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥದ್ದು ಸಿದ್ಧವಿರುವುದು ಕಡಿಮೆಯಾದ್ದರಿಂದ, ರಾಜ್ಯ ಮಂಡಳಿಯ ಪರೀಕ್ಷೆ ಹೇಗೆ ನಡೆಯುತ್ತದೆ, ಉತ್ತೀರ್ಣಕ್ಕೆ ಎಷ್ಟು, ಪ್ರಥಮ ದರ್ಜೆಗೆ ಶೇ. 60 ಮತ್ತು ಡಿಸ್ಟಿಂಕ್ಷನ್‌ಗೆ ಶೇ. 85 ಬೇಕೆಂಬುದನ್ನು ಒಂದು ಪುಟದಲ್ಲಿ ಬರೆದುಕೊಡುವಂತೆ ಪ್ರಾಂಶುಪಾಲರನ್ನು ಕೇಳಿಕೊಳ್ಳಿ. ಪಿಯುಸಿಯ ಡಿಸ್ಟಿಂಕ್ಷನ್ 85ಕ್ಕೆ, ವಿಟಿಯುದ್ದು 70ಕ್ಕೆ. ನಮ್ಮೊಳಗೇ ಇಷ್ಟು ಅಂತರವಿರುವಾಗ ಹೊರಗಿನವರಿಗೆ ಬರೆದು ಹೇಳದೆ ತಿಳಿಯುವುದಾದರೂ ಹೇಗೆ? ದ್ವಿತೀಯ ಪಿಯುಸಿ ಫಲಿತಾಂಶ ಬರುವ ಮುನ್ನವೇ ಅರ್ಜಿ ಹೋಗುವುದರಿಂದ, ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಅಥವಾ ಉಪನ್ಯಾಸಕರು ಅಂದಾಜಿಸಿದ ಅಂಕವನ್ನು ಕಾಲೇಜಿನ ಮೂಲಕವೇ ಕಳುಹಿಸಬೇಕು.

11. ಪ್ರವೇಶ ಸಿಕ್ಕ ಮೇಲೆ

ಅರ್ಜಿಯಲ್ಲಿ ಬರೆದ ಸಂಖ್ಯೆಯನ್ನು ಅಧಿಕೃತ ಟ್ರಾನ್ಸ್‌ಕ್ರಿಪ್ಟಿನ ಜೊತೆ ತಾಳೆ ನೋಡುವುದು ಈಗ. ಕೊನೆಯ ಸೆಮಿಸ್ಟರಿನಲ್ಲಿ ಸಿಜಿಪಿಎ ಒಂದಿಷ್ಟು ಇಳಿದಿದ್ದರೆ ಗಾಬರಿ ಬೇಡ, ಅಲ್ಲಿಯವರೆಗಿನದೆಂದು ನೀವು ಮೊದಲೇ ತಿಳಿಸಿದ್ದೀರಿ. ಆದರೆ ಒಂದು ವಿಷಯ ಉಳಿದುಕೊಂಡು ಪದವಿಯೇ ಮುಗಿಯದಿದ್ದರೆ ವಿಭಾಗಕ್ಕೆ ಕೂಡಲೇ ತಿಳಿಸಬೇಕು. ಘಟಿಕೋತ್ಸವ ತಡವಾಗುವುದು ನಮ್ಮಲ್ಲಿ ಮಾಮೂಲಾದ್ದರಿಂದ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಅಂದರೆ ಪಿಡಿಸಿ, ಪಡೆದಿಟ್ಟುಕೊಳ್ಳಿ. ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ಲಕೋಟೆಗಳನ್ನು ಎರಡು ಹೆಚ್ಚಿಗೆ ತರಿಸಿ ಕೈಚೀಲದಲ್ಲಿ ಒಯ್ಯಿರಿ. ಒಳಗೆ ಏನಿದೆ ಎಂಬ ಕುತೂಹಲಕ್ಕೆ ಮನೆಯಲ್ಲಿ ಯಾರೂ ಅದನ್ನು ಒಡೆಯದಂತೆ ನೋಡಿಕೊಳ್ಳಿ, ಮೊಹರು ಒಡೆದ ಲಕೋಟೆ ಅಲ್ಲಿ ಅಧಿಕೃತವಲ್ಲ.